ಚಂದ್ರಗುತ್ತೀಯ ಭವಿಷ್ಯನ್ಮೀಮಾಂಸೆ, ಅಥವಾ ಇಸ್ಪಾನೀಯರೂ ನಾವೂ ನಾಳೆಯನ್ನು ನುಡಿವ ಬಗೆ

ಅಂತೋನಿಯೋ ದೆ ನೆಬ್ರಿಹಾ ಎಂಬ ವೈಯಾಕರಣನು ಕಾಸ್ತೀಲೀಯ ಭಾಷೆಗೆ, ಎಂದರೆ ಈಗ ನಾವು ಸ್ಪ್ಯಾನಿಷ್ ಎನ್ನುವ ಭಾಷೆಗೆ, ಮೊತ್ತಮೊದಲ ವ್ಯಾಕರಣವನ್ನು ರಚಿಸಿ, ಅದನ್ನು ಸಾಲಮಾಂಕಾ ಪಟ್ಟಣದಲ್ಲಿ ಅಚ್ಚು ಹಾಕಿಸಿ, ರಾಣಿ ಇಸಬೆಲ್ಲಳಿಗೆ ಅರ್ಪಿಸಿದ 1492ನೆಯ ಇಸವಿಯಲ್ಲಿಯೇ, ಅದೇ ರಾಣಿಯ ದ್ರವ್ಯಸಹಾಯದಿಂದ ಕೊಲಂಬಸ್ಸನು ನಮ್ಮ ದೇಶವನ್ನರಸುತ್ತ ಹೊರಟು ದಾರಿ ತಪ್ಪಿದನೆಂಬುದನ್ನು ಚರಿತ್ರಕಾರರು ಕೇವಲ ಆಕಸ್ಮಿಕವೆಂದು ಬಗೆದಿರುವರು. ವ್ಯಾಕರಣಶಾಸ್ತ್ರದ ದೃಷ್ಟಿಯಿಂದ ಇದು ಆಕಸ್ಮಿಕವಲ್ಲ, ಅನರ್ಥ. ಆತನು ದಾರಿ ತಪ್ಪದೆ ನಮ್ಮ ಪಡುವಣ ಕರಾವಳಿಗೆ ಬಂದಿಳಿದು, ಮೆಣಸಿನ ಜಾಡು ಹಿಡಿದು ಘಟ್ಟವೇರಿ, ಸೊರಬ ಸೀಮೆಯ ಚಂದ್ರಗುತ್ತಿಯ ಕೋಟೆಯಡಿಯಲ್ಲಿ ಒಂದು ರಾತ್ರಿ ತಂಗಿದ್ದ ಪಕ್ಷದಲ್ಲಿ, ಭವಿಷ್ಯತ್ಕಾಲವೆಂಬುದು ಇದೆಯೋ ಇಲ್ಲವೋ ಎಂಬ ಪ್ರಶ್ನೆಯು ಐದು ಶತಮಾನಗಳ ಹಿಂದೆಯೇ ಇತ್ಯರ್ಥವಾಗಿ, ಈ ಪ್ರಬಂಧವನ್ನು ಬರೆಯುವ ಶ್ರಮವೂ ಓದುವ ಶ್ರಮವೂ ಉಳಿಯುತ್ತಿದ್ದುವು.

ಚಂದ್ರಗುತ್ತಿಯೇ ಏಕೆ ಎಂದು ಪೂರ್ವಪಕ್ಷಿಗಳು ಕೇಳಬಹುದು. ಬೆಟ್ಟದ ಗುಹೆಯಲ್ಲಿ ರೇಣುಕಾಂಬೆ ನೆಲಸಿರುವ ಈ ಊರಿಗೆ ಬನವಾಸಿ ಒಂದು ಮಗ್ಗುಲಲ್ಲಿ, ಕದಂಬ ದೊರೆ ಶಾಂತಿವರ್ಮನ ಕಾಲದ ಕಂಭಶಾಸನವಿರುವ ಶಿಕಾರಿಪುರ ತಾಲ್ಲೂಕಿನ ತಾಳಗುಂದ ಇನ್ನೊಂದು ಮಗ್ಗುಲಲ್ಲಿ; ಕದಂಬರು ಆಳಿದರು, ವಿಜಯನಗರದ ಸಂಗಮ ಸೋದರರಲ್ಲೊಬ್ಬನಾದ ಮಾರಪ್ಪ ಆಳಿದನು, ಕೆಳದಿಯ ನಾಯಕರು ಆಳಿದರು. ಇಷ್ಟು ಮಂದಿ ‘ಆಳಿದರು’ ಎಂಬ ಭೂತಕಾಲದಲ್ಲಿ ಸುಖವಾಗಿ ಅಡಗಿರುವ ಊರಿನಲ್ಲಿ ಭವಿಷ್ಯತ್ತನ್ನು ನಿರ್ಲಿಪ್ತಚಿತ್ತದಿಂದ ಪರೀಕ್ಷಿಸಲು ಸಾಧ್ಯವಾಗುವಂತೆ ರಾಜಧಾನಿಯಲ್ಲಿ ಆಗುವುದಿಲ್ಲ. ಅಲ್ಲಿ ಭವಿಷ್ಯತ್ತಿನಲ್ಲಿ ಎಲ್ಲರಿಗೂ ಏನಾದರೊಂದು ಪಾಲು ಇರುತ್ತದೆ.

ಇರಲಿ, ಶಾಸ್ತ್ರಕ್ಕೆ ಬರೋಣ. ಕ್ರಿ. ಶ. 1260ರ ಸುಮಾರಿನಲ್ಲಿ ಶಬ್ದಮಣಿದರ್ಪಣವನ್ನು ರಚಿಸಿದ ಕೇಶಿರಾಜನು ಕಾಲಗಳನ್ನು ಮೂರಾಗಿ ಹಂಚಿ, ಭೂತಕ್ಕೆ ದಕಾರ, ವರ್ತಮಾನಕ್ಕೆ ದಪ, ಭವಿಷ್ಯತ್ತಿಗೆ ವಕಾರ ಪಕಾರಗಳೆಂದು ಪಾಲುಪಟ್ಟಿ ಮಾಡಿಕೊಟ್ಟನು: ಮಾಡಿದಂ, ಮಾಡಿದಪಂ, ಮಾಳ್ಪಂ. ಈ ‘ದಪ’ವನ್ನು ಬಿಡಿಸಿ ನೋಡಿದ ಕೆಲವು ವಿದ್ವಾಂಸರು, ಅದರಲ್ಲಿ ಭೂತದ ದಕಾರವೂ ಭವಿಷ್ಯತ್ತಿನ ಪಕಾರವೂ ಒಂದಕ್ಕೊಂದು ಆತುಕೊಂಡಿರುವುದನ್ನು ಕಂಡು, ಕನ್ನಡಿಗನ ವರ್ತಮಾನವೆಂಬುದು ಆಗಿಹೋದುದಕ್ಕೂ ಆಗಬೇಕಾದುದಕ್ಕೂ ಹಾಕಿದ ಗಂಟೆಂದು ಹೇಳಿರುವರು. ಪಾಲಾದ ಮನೆಗಳಲ್ಲಿ ಯಾವುದು ಸಹಜವೋ ಅದೇ ಮುಂದೆ ನಡೆಯಿತು. ದಪ ನಿರ್ವಂಶವಾಯಿತು. ಅದರ ಸ್ಥಾನಕ್ಕೆ ಬಂದ ‘ಮಾಡುತ್ತಾನೆ’ ಎಂಬ ರೂಪವು ವರ್ತಮಾನದ ಹೊಲವನ್ನು ಉಳುತ್ತಿರುವಂತೆಯೇ ಭವಿಷ್ಯತ್ತಿನ ಹೊಲಕ್ಕೂ ಬೇಲಿ ಹಾಕಿಕೊಂಡಿತು. ಶಾಲೆಯ ಪುಸ್ತಕದಲ್ಲಿ ಇಂದಿಗೂ ಮಾಡುವನು, ಮಾಡುವಳು, ಮಾಡುವರು ಎಂದು ಹುಡುಗರು ರಾಗವಾಗಿ ಒಪ್ಪಿಸುವರಾದರೂ, ಗಂಟೆ ಹೊಡೆದೊಡನೆ ಅದೇ ಹುಡುಗನು ಗೆಳೆಯನಿಗೆ ‘ನಾಳೆ ಬರ್ತೀನಿ ಕಣೋ’ ಎನ್ನುವನೇ ಹೊರತು ‘ಬರುವೆನು’ ಎನ್ನುವುದಿಲ್ಲ. ಎಂದನಾದರೆ ಮನೆಯವರು ಅವನಿಗೆ ನಾಟಕದ ಗೀಳು ಹಿಡಿಯಿತೆಂದು ಚಿಂತಿಸುವರು. ಕೇಶಿರಾಜನ ಪಕಾರಕ್ಕೆ ಆಶ್ರಯ ಕೊಟ್ಟಿರುವವರು ಹವ್ಯಕರು: ಅವರ ‘ಬಪ್ಪದು’ ‘ಹೋಪದು’ಗಳಲ್ಲಿ ಏಳುನೂರು ವರ್ಷಗಳ ಆ ವೃದ್ಧನು ಇನ್ನೂ ಅಡಕೆತೋಟದಲ್ಲಿ ಓಡಾಡಿಕೊಂಡಿರುವನು.

ಹಾಗಾದರೆ ಕನ್ನಡಿಗನು ನಾಳೆಯನ್ನು ಯಾವ ಕಾಲದಲ್ಲಿ ನುಡಿಯುತ್ತಾನೆ? ಭವಿಷ್ಯತ್ಕಾಲವೊಂದನ್ನುಳಿದು ಮಿಕ್ಕ ಎಲ್ಲ ಕಾಲಗಳಲ್ಲಿ ಎಂಬುದು ನಮ್ಮ ಸಿದ್ಧಾಂತ. ಇದಕ್ಕೆ ಪ್ರಮಾಣವನ್ನು ಸೊರಬದ ಬಸ್ಸಿಗಾಗಿ ಕಾಯುವ ಯಾವ ಜಿಜ್ಞಾಸುವಾದರೂ ಚಂದ್ರಗುತ್ತಿಯ ಚಹದಂಗಡಿಯ ಬೆಂಚಿನ ಮೇಲೆ ಕುಳಿತೇ ಸಂಗ್ರಹಿಸಬಹುದು. ಬಸ್ಸು ಹೊರಡುವ ವೇಳೆಗೆ ಬಹು ಮುಂಚೆ, ಅದರ ಸುಳಿವೇ ಇಲ್ಲದಿರುವಾಗ, ಅಂಗಡಿಯಾತನು ಲೋಟ ತೊಳೆಯುತ್ತ ತಲೆಯೆತ್ತದೆ ‘ಬಂತು, ಈಗ ಬಂತು’ ಎಂದು ಶುದ್ಧ ಭೂತಕಾಲದಲ್ಲಿ ಅಭಯ ಕೊಡುವನು. ವೇಳೆ ಸಮೀಪಿಸಿದಾಗ ಅದು ‘ಬರುತ್ತೆ’ ಆಗುವುದು. ವೇಳೆ ಮೀರಿದ ಮೇಲೆ ‘ಬರಬಹುದು’. ಎರಡನೆಯ ಚಹ ಮುಗಿದ ಮೇಲೆ ‘ಬಂದೀತು’. ಆಮೇಲೆ, ಗಡಿಯಾರವನ್ನೂ ರಸ್ತೆಯ ತಿರುವನ್ನೂ ಒಂದೇ ನೋಟದಲ್ಲಿ ಅಳೆದು, ‘ಬರಬೇಕಿತ್ತು’. ಈ ಕ್ರಮವನ್ನು ಮುಂದಿನ ಪೀಳಿಗೆಯ ವಿದ್ಯಾರ್ಥಿಗಳು ಕಂಠಪಾಠ ಮಾಡಲನುಕೂಲವಾಗುವಂತೆ ನಾವೇ ಒಂದು ಸೂತ್ರವನ್ನು ಕಟ್ಟಿರುವೆವು: ‘ದೂರಸ್ಥಕ್ಕೆ ಭೂತಂ, ಸಮೀಪಸ್ಥಕ್ಕೆ ಸಂದೇಹಂ.’ ವೃತ್ತಿ: ಆವ ಕ್ರಿಯೆ ಕರ್ತೃವಿಂದೆಷ್ಟು ದೂರಮಿರ್ಪುದೋ ಅಷ್ಟು ನಿಶ್ಚಯದಿಂ ನುಡಿವುದು. ಪ್ರಯೋಗ: ಒಳಗೆ ಹಾಸಿಗೆಯಲ್ಲಿ ಮಗ್ಗುಲಾಗಿರುವವನನ್ನು ಹೊರಗಿನಿಂದ ಕೂಗಿದರೆ, ಅವನು ಹೊದಿಕೆಯನ್ನು ಸರಿಸದೆಯೇ ‘ಬಂದೆ’ ಎನ್ನುವನು. ಇಸ್ಪಾನೀಯನು ಇದೇ ಸಂದರ್ಭದಲ್ಲಿ ‘ಯಾ ಬೋಯ್’, ಇದೋ ಹೋಗುತ್ತಿದ್ದೇನೆ, ಎಂದು ವರ್ತಮಾನದಲ್ಲಿ ಸುಳ್ಳಾಡುತ್ತಾನೆ. ಸುಳ್ಳು ಎರಡರಲ್ಲಿಯೂ ಸಮಾನವಾದರೂ, ಆಗದೆ ಇರುವುದನ್ನು ಆಗಿಯೇ ಹೋಯಿತೆನ್ನುವ ನಮ್ಮ ಧೈರ್ಯವು ಆ ಜನಾಂಗಕ್ಕೆ ಸಿದ್ಧಿಸಿಲ್ಲವೆಂಬುದನ್ನು ಪಕ್ಷಪಾತವಿಲ್ಲದೆ ದಾಖಲಿಸುತ್ತೇವೆ.

ಇಸ್ಪಾನೀಯರ ಭವಿಷ್ಯತ್ತಿನ ಪೂರ್ವೋತ್ತರವಾದರೂ ಕರುಣಾಜನಕವಾಗಿದೆ. ಅವರ ಭಾಷೆಯ ತಾಯಿಯಾದ ಲ್ಯಾಟಿನ್ನಿನಲ್ಲಿ ಹಾಡಿದನು ಎಂಬುದಕ್ಕೆ ‘ಕಾಂತಾವಿತ್’ ಎಂದೂ, ಹಾಡುವನು ಎಂಬುದಕ್ಕೆ ‘ಕಾಂತಾಬಿತ್’ ಎಂದೂ ಇದ್ದಿತು. ಜನರ ಬಾಯಲ್ಲಿ ವಕಾರ ಬಕಾರಗಳ ಭೇದ ಸವೆದುಹೋದಾಗ, ಹಾಡಿ ಮುಗಿಸಿದವನಾರು, ಇನ್ನೂ ಹಾಡಲಿರುವವನಾರು ಎಂಬುದು ತಿಳಿಯದಾಯಿತು. ಸಂಗೀತಸಭೆಗಳಲ್ಲಿ ಇದರಿಂದ ಉಂಟಾಗಿರಬಹುದಾದ ಸಂಕಟವನ್ನು ಅನುಭವಿಗಳು ಊಹಿಸಿಕೊಳ್ಳಲಿ. ಈ ಇಕ್ಕಟ್ಟಿಗೆ ಜನರು ಕಂಡುಕೊಂಡ ಉಪಾಯವೆಂದರೆ, ‘ನನಗೆ ಹಾಡುವುದು ಇದೆ’ ಎಂಬರ್ಥದ ‘ಕಾಂತಾರೇ ಹಾಬೆಯೋ’ ಎಂಬ ಎರಡು ಪದಗಳ ಮಾತನ್ನು ನೂರಾರು ವರ್ಷ ಉರುಳಿಸಿ ಉರುಳಿಸಿ ‘ಕಾಂತಾರೇ’ ಎಂಬ ಒಂದೇ ಪದವಾಗಿ ನುಣುಪುಗೊಳಿಸಿದುದು. ಹಳೆಯ ಕಾಸ್ತೀಲೀಯದಲ್ಲಿ ಈ ಎರಡರ ನಡುವೆ ಸರ್ವನಾಮವೊಂದನ್ನು ತೂರಿಸಬಹುದಾಗಿತ್ತು. ಪೋರ್ಚುಗೀಸರು ಶಿಷ್ಟಭಾಷೆಯಲ್ಲಿ ಈಗಲೂ ತೂರಿಸುತ್ತಾರೆ. ನೆಬ್ರಿಹಾನು ಈ ಬೆಸುಗೆಯನ್ನು ಗುರುತಿಸಿದ್ದನು.

ಆದುದರಿಂದ ಇಸ್ಪಾನೀಯನ ಭವಿಷ್ಯತ್ತೆಂದರೆ ಅವನ ಸೊತ್ತು: ಹಾಡುವುದನ್ನು ಅವನು ‘ಹೊಂದಿರುತ್ತಾನೆ’. ಕನ್ನಡದ ಆಡುಮಾತಿನಲ್ಲಿ ಈ ಹೊಂದಿರುವ ಕ್ರಿಯಾಪದಕ್ಕೆ ಬಳಕೆಯೇ ಇಲ್ಲ. ನಮಗೆ ಮನೆಯಿದೆ, ನಮಗೆ ನೆಗಡಿಯಿದೆ, ನಮಗೆ ನಾಳೆ ಸಾಗರಕ್ಕೆ ಹೋಗುವುದಿದೆ. ಎಲ್ಲವೂ ತಮ್ಮಷ್ಟಕ್ಕೆ ತಾವು ಇದ್ದುಕೊಂಡು ಚತುರ್ಥೀ ವಿಭಕ್ತಿಯ ಮೂಲಕ ನಮಗೆ ಅಂಟಿಕೊಳ್ಳುತ್ತವೆ. ಪತ್ರಿಕೆಗಳ ‘ಸಭೆ ನಡೆಯಲಿದೆ’, ‘ಸಚಿವರು ಬರಲಿದ್ದಾರೆ’ ಎಂಬ ಪ್ರಯೋಗಗಳೂ ಇದೇ ಕುಲದವು. ಆಸ್ತಿಯಾಗದುದನ್ನು ಆಳುವುದೆಂತು? ಇಸ್ಪಾನೀಯನೂ ಈಚೆಗೆ ಆ ಸೊತ್ತಿನಿಂದ ಬೇಸತ್ತಂತೆ ಕಾಣುತ್ತದೆ. ದಿನಬಳಕೆಯಲ್ಲಿ ಅವನು ‘ಬೋಯ್ ಆ ಕಾಂತಾರ್’, ಹಾಡಲು ಹೋಗುತ್ತಿದ್ದೇನೆ, ಎಂದು ಕಾಲ್ನಡಿಗೆಯಲ್ಲಿಯೇ ನಾಳೆಯನ್ನು ಸೇರಿಕೊಳ್ಳುತ್ತಾನೆ. ಅಮೆರಿಕ ಖಂಡದ ದೇಶಗಳಲ್ಲಂತೂ ಮಾತಿನಲ್ಲಿ ಇದೇ ಹೆಚ್ಚು. ಬಿಡುವಾಗಿ ಉಳಿದ ಹಳೆಯ ಭವಿಷ್ಯತ್ತನ್ನು ಅವನು ಊಹೆಯ ಕೆಲಸಕ್ಕೆ ಹಚ್ಚಿದ್ದಾನೆ: ‘ಸೆರಾನ್ ಲಾಸ್ ತ್ರೇಸ್’ ಎಂದರೆ ಮೂರು ಗಂಟೆಯಾಗುವುದೆಂದಲ್ಲ, ಈಗ ಮೂರಾಗಿದ್ದೀತು ಎಂದರ್ಥ. ಕತ್ತಲಲ್ಲಿ ಬಾಗಿಲು ಬಡಿದಾಗ ಅವನು ಕೇಳುವ ‘ಕಿಯೇನ್ ಸೆರಾ?’ ಎಂಬುದೂ ನಾವು ಕೇಳುವ ‘ಯಾರಿದ್ದಾರು?’ ಎಂಬುದೂ ಒಂದೇ ಭಯದ ಎರಡು ಉಚ್ಚಾರಣೆಗಳು.

ಇಲ್ಲಿಯವರೆಗೆ ಬಂದ ಓದುಗರು ಗುಹೆಯ ಮೆಟ್ಟಿಲುಗಳನ್ನೂ ನಮ್ಮೊಂದಿಗೆ ಏರಬೇಕಾಗಿ ಪ್ರಾರ್ಥನೆ. ಜಾತ್ರೆಯ ದಿನ ಅಲ್ಲಿ ಕೇಳಿಬರುವ ಹರಕೆಗಳೆಲ್ಲ ಭವಿಷ್ಯತ್ತಿನ ವ್ಯವಹಾರಗಳಷ್ಟೆ; ಆದರೂ ‘ಈ ವರ್ಷ ಮಳೆ ಸರಿಯಾಗಿ ಬಂದರೆ, ತಾಯೀ, ಮುಂದಿನ ಜಾತ್ರೆಗೆ ಉಡಿ ತುಂಬುತ್ತೇನೆ’ ಎಂಬ ವಾಕ್ಯವನ್ನು ನಾವು ನಿರ್ದಾಕ್ಷಿಣ್ಯವಾಗಿ ಬಿಚ್ಚಿ ನೋಡಿದಾಗ, ಬರಬೇಕಾದ ಮಳೆಯು ‘ಬಂದ’ ಎಂಬ ಭೂತದ ಮೇಲೆ ನಿಂತಿರುವುದೂ, ತುಂಬಬೇಕಾದ ಉಡಿಯು ವರ್ತಮಾನದಲ್ಲಿ ತುಂಬುತ್ತಿರುವುದೂ ಗೋಚರಿಸಿತು. ಭವಿಷ್ಯತ್ತು ಎಲ್ಲಿಯೂ ಇಲ್ಲ. ಇಸ್ಪಾನೀಯರಲ್ಲಿಯೂ ‘ಸಿ’ ಎಂಬ, ನಮ್ಮ ‘ರೆ’ಗೆ ಸಮನಾದ ಅವ್ಯಯದ ಹಿಂದೆ ಭವಿಷ್ಯತ್ತನ್ನು ಪ್ರಯೋಗಿಸಿದವನಿಗೆ ಪರೀಕ್ಷೆಯಲ್ಲಿ ಸೊನ್ನೆ. ಷರತ್ತು ಹಾಕುವಾಗ ದೇವರೆದುರಿಗಾಗಲಿ ಮೇಷ್ಟರೆದುರಿಗಾಗಲಿ ನಾಳೆಯ ಹೆಸರೆತ್ತಬಾರದೆಂಬುದರಲ್ಲಿ ಎರಡು ಜನಾಂಗಗಳಿಗೂ ಒಮ್ಮತವಿದೆ.

ಭವಿಷ್ಯತ್ತು ಸಂಪೂರ್ಣವಾಗಿ ನಾಶವಾಯಿತೆಂದು ಇದರಿಂದ ತಿಳಿಯಬಾರದು. ಅದು ಶಾಪಗಳಲ್ಲಿಯೂ ಸರಕಾರಿ ಕಾಗದಗಳಲ್ಲಿಯೂ ಕ್ಷೇಮವಾಗಿದೆ. ಬಿ. ಎಲ್. ರೈಸರು 1902ರಲ್ಲಿ ಶಿಕಾರಿಪುರದ ಶಾಸನಗಳನ್ನೂ 1904ರಲ್ಲಿ ಸೊರಬದ ಶಾಸನಗಳನ್ನೂ ಎಪಿಗ್ರಾಫಿಯಾ ಕರ್ನಾಟಿಕದ ಎರಡು ಸಂಪುಟಗಳಲ್ಲಿ ಪ್ರಕಟಿಸಿದ್ದಾರೆ. ಅವುಗಳಲ್ಲಿ ದಾನ ಕೊಟ್ಟ ದೊರೆ, ಪಡೆದ ಬ್ರಾಹ್ಮಣ, ಗದ್ದೆಯ ಎಲ್ಲೆ, ಎಲ್ಲವೂ ಕಳೆದುಹೋಗಿ, ಕೊನೆಯಲ್ಲಿ ಆ ಧರ್ಮವನ್ನು ಅಳಿದವನಿಗೆ ವಾರಣಾಸಿಯಲ್ಲಿ ಕವಿಲೆಯನ್ನು ಕೊಂದ ಪಾಪ ‘ಅಕ್ಕುಂ’ ಎಂಬ ಒಂದು ಕ್ರಿಯಾಪದ ಮಾತ್ರ ಕಲ್ಲಿನಲ್ಲಿ ಇಂದಿಗೂ ಎಚ್ಚರವಾಗಿ ಕುಳಿತಿದೆ. ಇಸ್ಪಾನೀಯರಲ್ಲಿಯೂ ಭವಿಷ್ಯತ್ ಸಂಭಾವನಾರೂಪವೊಂದು ಮಾತಿನಲ್ಲಿ ಸತ್ತು, ಗಾದೆಗಳಲ್ಲಿಯೂ, ಕೊಂದವನಿಗೂ ಕದ್ದವನಿಗೂ ದಂಡ ವಿಧಿಸುವ ಕಾನೂನುಗಳಲ್ಲಿಯೂ ಉಳಿದುಬಂದಿತು. ನಮ್ಮ ಮಾಡುವನು–ಮಾಡುವುದುಗಳ ವಕಾರಕ್ಕಾದರೋ ಕಚೇರಿಯಲ್ಲಿ ಕಾಯಂ ನೌಕರಿ ದೊರೆತಿದೆ: ‘ಶೀಘ್ರದಲ್ಲಿಯೇ ಸೂಕ್ತ ಕ್ರಮ ಕೈಗೊಳ್ಳಲಾಗುವುದು.’ ಇದರಲ್ಲಿ ಕರ್ತೃವಿಲ್ಲ; ಕಾಲವಿದೆ, ದಿನಾಂಕವಿಲ್ಲ. ಮೋಕ್ಷವನ್ನು ಬಣ್ಣಿಸುವವರು ಕೂಡ ಇಷ್ಟು ನಿರ್ಗುಣವಾದ ವಾಕ್ಯವನ್ನು ರಚಿಸಲಾರರು.

ಮಾತು ಬಂದುದರಿಂದ ಹೂವಿನಹಡಗಲಿ ತಾಲ್ಲೂಕಿನ ಮೈಲಾರದ ಕಾರಣಿಕವನ್ನು ಬಿಡುವಂತಿಲ್ಲ. ಭರತ ಹುಣ್ಣಿಮೆಯ ಜಾತ್ರೆಯಲ್ಲಿ ವ್ರತನಿಷ್ಠನಾದ ಗೊರವಯ್ಯನು ಎತ್ತರದ ಬಿಲ್ಲನ್ನೇರಿ ‘ಸದ್ದಲೇ’ ಎಂದು ಕೂಗಿದೊಡನೆ ಲಕ್ಷಾಂತರ ಜನ ಮೌನವಾಗಿ, ಇಡೀ ವರ್ಷದ ಮಳೆಬೆಳೆ ರಾಜಕೀಯಗಳನ್ನೊಳಗೊಂಡ ಒಂದೇ ವಾಕ್ಯ ‘ಪರಾಕ್’ ಎಂದು ಮುಗಿದು, ಆತನು ಕೆಳಗೆ ಬೀಳುವನು. ಭವಿಷ್ಯವನ್ನು ಹೇಳುವುದೇ ಉದ್ದೇಶವಾಗಿರುವ ಈ ವಾಕ್ಯದ ಕ್ರಿಯಾಪದವು ‘ಆಯಿತಲೇ’ ಎಂಬ ಭೂತವೋ ‘ಆದೀತಲೇ’ ಎಂಬ ಸಂಭಾವನೆಯೋ ಆಗಿರುತ್ತದೆಯೇ ಹೊರತು, ‘ಆಗುವುದು’ ಎಂಬ ಭವಿಷ್ಯತ್ತಲ್ಲ. ಆ ಎರಡರಲ್ಲಿ ಯಾವುದನ್ನು ಕೇಳಿದೆವೆಂಬ ವಿಷಯದಲ್ಲಿ ಊರಿಗೆ ಮರಳುವ ಗಾಡಿಗಳಲ್ಲಿ ವಾದ ಹತ್ತಿದರೆ, ಅದು ಕಾಂತಾವಿತ್–ಕಾಂತಾಬಿತ್ ವಿವಾದದ ಕನ್ನಡ ಶಾಖೆಯೆಂದು ತಿಳಿಯತಕ್ಕದ್ದು.

ಇನ್ನುಳಿದುದು ಸಾಲದ ಪ್ರಕರಣ. ‘ಪಗಾರ್’ ಎಂಬ ಕ್ರಿಯಾಪದಕ್ಕೆ ಇಸ್ಪಾನೀಯರಲ್ಲಿಯೂ ಪೋರ್ಚುಗೀಸರಲ್ಲಿಯೂ ಹಣ ಕೊಡುವುದೆಂದರ್ಥ. ‘ಪಗಾರೇ’, ಎಂದರೆ ‘ಕೊಡುವೆನು’ ಎಂಬ ಉತ್ತಮಪುರುಷ ಏಕವಚನ ಭವಿಷ್ಯತ್ತು, ಇಸ್ಪಾನೀಯದಲ್ಲಿ ನಾಮಪದವೂ ಆಗಿ ಸಾಲಪತ್ರಕ್ಕೆ, ನಮ್ಮ ವರ್ತಕರ ಪ್ರೋನೋಟಿಗೆ, ಹೆಸರಾಗಿದೆ. ಪೋರ್ಚುಗೀಸರು ಈ ಧಾತುವನ್ನು ಹಡಗಿನಲ್ಲಿ ತಂದು ನಮ್ಮ ಕರಾವಳಿಯಲ್ಲಿಳಿಸಿದರು. ಅವರ ರಾಯಭಾರವೊಂದು 1623ರಲ್ಲಿ ಕೆಳದಿಯ ವೆಂಕಟಪ್ಪನಾಯಕನನ್ನು ಕಾಣಲು ಇಕ್ಕೇರಿಗೆ ಹೋದಾಗ ಜೊತೆಗಿದ್ದ ಇಟಲಿಯ ಪ್ರವಾಸಿ ಪಿಯೆತ್ರೋ ದೆಲ್ಲಾ ವಾಲ್ಲೆಯು ದಾರಿಯನ್ನೆಲ್ಲ ಬರೆದಿಟ್ಟಿದ್ದಾನೆ. ಧಾತುವು ‘ಪಗಾರ’ವಾಗಿ ನಮ್ಮಲ್ಲಿ ನೆಲಸಿತು. ಆದರೆ ಅದರ ಭವಿಷ್ಯತ್ ಪ್ರತ್ಯಯವು ಹಡಗಿನಿಂದ ಇಳಿಯಲೇ ಇಲ್ಲ. ತಿಂಗಳ ಕೊನೆಯ ವಾರದಲ್ಲಿ ಅನೇಕ ಗೃಹಸ್ಥರು ಅನುಭವಿಸುವ ತೊಂದರೆಗೆ ಇದನ್ನು ಬಿಟ್ಟು ಬೇರೆ ಕಾರಣ ನಮಗೆ ಹೊಳೆಯುವುದಿಲ್ಲ.

ಕೊಡುವುದಕ್ಕೆ ಹೀಗೆ ಕಾಲದ ಕೊರತೆಯಿದ್ದರೂ ಕೊಡದಿರುವುದಕ್ಕೆ ಕನ್ನಡದಲ್ಲಿ ಯಾವ ಕೊರತೆಯೂ ಇಲ್ಲ. ಕೊಡೆಂ, ಬಾರೆಂ, ಅರಿಯೆಂ ಎಂಬ ಹಳಗನ್ನಡದ ನಿಷೇಧರೂಪಗಳಿಗೆ ಕಾಲಪ್ರತ್ಯಯವೇ ಹತ್ತುವುದಿಲ್ಲ. ಧಾತುವಿಗೆ ನೇರವಾಗಿ ಪುರುಷಪ್ರತ್ಯಯ ಸೇರಿ, ನಿನ್ನೆ ಕೊಡಲಿಲ್ಲ, ಇಂದು ಕೊಡುತ್ತಿಲ್ಲ, ನಾಳೆಯೂ ಕೊಡುವುದಿಲ್ಲ ಎಂಬ ಮೂರು ಮಾತುಗಳು ಒಂದೇ ಉಸಿರಿನಲ್ಲಿ ಮುಗಿಯುತ್ತವೆ. ಇಸ್ಪಾನೀಯನಾದರೋ ಕೊಡೆನೆನ್ನಲು ‘ನೋ ಪಗಾರೇ’ ಎಂದು ಇಲ್ಲದ ಹಣಕ್ಕೂ ಭವಿಷ್ಯತ್ತನ್ನು ಖರ್ಚು ಮಾಡಬೇಕು. ಅಡಕೆ ಮಾರಿದ ಮೇಲೆ ತೀರಿಸುವೆನೆಂದು ಕಡ ತಂದ ತೋಟಿಗನೊಬ್ಬನು, ಸುಗ್ಗಿ ಕಳೆದು ಸಾಹುಕಾರನು ಬಾಗಿಲಿಗೆ ಬಂದಾಗ, ಹಳಗನ್ನಡದ ‘ಕೊಡೆಂ’ ಅನ್ನು ಪ್ರಯೋಗಿಸುವಷ್ಟು ಪಂಡಿತನೂ ಅಲ್ಲದೆ, ಪ್ರೋನೋಟಿನ ಭವಿಷ್ಯತ್ತನ್ನು ಒಪ್ಪುವಷ್ಟು ಇಸ್ಪಾನೀಯನೂ ಅಲ್ಲದೆ, ಕವಳದ ಹರಿವಾಣವನ್ನು ಮುಂದಕ್ಕೆ ತಳ್ಳಿ ‘ನೋಡೋಣ’ ಎಂದನು. ಇದು ವಿಧ್ಯರ್ಥವೋ, ಸಂಭಾವನೆಯೋ, ಉತ್ತಮಪುರುಷ ಬಹುವಚನದ ನೆಪದಲ್ಲಿ ಸಾಹುಕಾರನನ್ನೂ ಋಣಿಯ ಪಕ್ಷಕ್ಕೆ ಸೇರಿಸಿಕೊಳ್ಳುವ ಉಪಾಯವೋ ಎಂಬ ವಿಷಯದಲ್ಲಿ, ಜಗಲಿಯ ಮೇಲೆ ಕುಳಿತಿದ್ದ ಸಾಹುಕಾರನಿಗೂ ನಮಗೂ ಅಭಿಪ್ರಾಯಭೇದವಿದೆ.