ಶ್ರೀಮಾನ್ ಕುರ್ಚಿಯವರಿಗೆ ಬಹಿರಂಗ ಪತ್ರ

ಇವರಿಗೆ: ಒಂದರಿಂದ ಮೂರನೇ ತರಗತಿಯ ಕೋಣೆಗಳಲ್ಲಿ ಆಸೀನರಾಗಿರುವ ಶ್ರೀಮಾನ್ ಕುರ್ಚಿಯವರು, ಲಚ್ಯಾಣ ಮತ್ತು ಸುತ್ತಲಿನ ಊರುಗಳು, ಇಂಡಿ ತಾಲ್ಲೂಕು.

ವಿಷಯ: ನಲಿ-ಕಲಿಗೆ ಬಂದಿರುವ ತಕರಾರು ಅರ್ಜಿಗಳ ವಿಲೇವಾರಿ.

ಸರ್ಕಾರಿ ಶಾಲೆಗಳ ನಲಿ-ಕಲಿ ಪದ್ಧತಿಯಲ್ಲಿ ಕುರ್ಚಿಗೆ ಕೆಲಸವಿಲ್ಲ. ಮೂರೂ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ ಐದು ಗುಂಪಾಗಿ ಕೂರುತ್ತಾರೆ. ಗೋಡೆಯ ಕಲಿಕಾ ಏಣಿಯಲ್ಲಿ ತಮ್ಮ ಮೆಟ್ಟಿಲು ನೋಡಿಕೊಂಡು ಅದರ ಕಲಿಕೆಯ ಕಾರ್ಡು ಎತ್ತಿಕೊಳ್ಳುತ್ತಾರೆ. ಮೊದಲ ಗುಂಪಿಗೆ ಶಿಕ್ಷಕರ ಪೂರ್ಣ ನೆರವು, ಎರಡನೆಯದಕ್ಕೆ ಅರ್ಧ, ಕಡೆಯದಕ್ಕೆ ಸ್ವಕಲಿಕೆ. ಕಪ್ಪು ಹಲಗೆಯೇ ಮಕ್ಕಳ ಕೈಗೆಟಕುವಷ್ಟು ಕೆಳಗಿಳಿದ ಮೇಲೆ ಶಿಕ್ಷಕರೂ ನೆಲಕ್ಕಿಳಿಯಲೇಬೇಕು. ಹೀಗಾಗಿ ಮೊದಲ ತಕರಾರು ಕುರ್ಚಿಯವರದೇ ಆಗಿರುವುದು ಸಹಜ; ಅವರ ಸೇವಾ ಹಿರಿತನ ಯಾರಿಗೆ ಗೊತ್ತಿಲ್ಲ?

ಎರಡನೆಯದು ಪಾಲಕರದು: “ಸಾಲ್ಯಾಗ ಬರೇ ಹಾಡಸ್ತಾರ, ಕುಣಸ್ತಾರ. ಪಾಠ ಯಾವಾಗ ಹೇಳ್ತಾರ?” ಒಬ್ಬರು ಹೇಳಿದ್ದನ್ನು ಎಲ್ಲರೂ ಒದರಿದರೆ ಮಾತ್ರ ಪಾಠ ಎಂಬ ನಂಬಿಕೆ ಹಳೆಯದು. ಆದರೆ ಈ ಭಾಗದ ಎಷ್ಟೋ ಮನೆಗಳು ಕಬ್ಬಿನ ಹಂಗಾಮಿಗೆ ಮಹಾರಾಷ್ಟ್ರದ ಕಡೆ ಗುಳೆ ಹೋಗುತ್ತವೆ. ಮರಳಿ ಬಂದ ಮಗುವಿಗೆ ಹಳೆಯ ಪದ್ಧತಿಯಲ್ಲಿ ದೊರೆಯುವುದು ಹಿಂದಿನ ಸಾಲು ಮಾತ್ರ. ಏಣಿಯಲ್ಲಾದರೆ ಬಿಟ್ಟುಹೋದ ಮೆಟ್ಟಿಲು ಅಲ್ಲೇ ಕಾದಿರುತ್ತದೆ. ಇದು ಭಾಷಣದಿಂದ ತಿಳಿಯುವ ಸಂಗತಿಯಲ್ಲ. ಪಾಲಕರ ಸಭೆಯಲ್ಲಿ ಮಗು ತಾನೆಂದೂ ಕಾಣದ ಸಾಲೊಂದನ್ನು ಓದಿ ತೋರಿಸಿದರೆ ಅರ್ಧ ತಕರಾರು ಅಲ್ಲಿಗೇ ಇತ್ಯರ್ಥ.

ಮೂರನೆಯದು ಶಿಕ್ಷಕರದು: ತಾವು ಕಟ್ಟದ್ದನ್ನು ತಮ್ಮ ಮೇಲೆ ಹೇರಲಾಗಿದೆ ಎಂದು. ತೂಕವಿರುವುದು ಇದಕ್ಕೇ. 1995ರಲ್ಲಿ ಹೆಗ್ಗಡದೇವನಕೋಟೆಯ ಶಿಕ್ಷಕರು ಆಂಧ್ರದ ಋಷಿ ವ್ಯಾಲಿ ಶಾಲೆಗೆ ಹೋಗಿ ನೋಡಿ ಬಂದು, ಯುನಿಸೆಫ್ ನೆರವಿನಲ್ಲಿ ಕಾರ್ಡುಗಳನ್ನು ತಾವೇ ರೂಪಿಸಿದರು. ತಾವೇ ಕಟ್ಟಿದ್ದನ್ನು ವಿರೋಧಿಸುವ ಪ್ರಮೇಯ ಬರಲಿಲ್ಲ. 2009-10ರಲ್ಲಿ ಅದೇ ಪದ್ಧತಿ ರಾಜ್ಯದ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳಿಗೆಲ್ಲ ಆದೇಶವಾಗಿ ಇಳಿಯಿತು. ಸ್ವಾತಂತ್ರ್ಯವನ್ನೂ ಸುತ್ತೋಲೆಯಿಂದ ಕಡ್ಡಾಯಗೊಳಿಸುವ ಕಲೆ ಇಲಾಖೆಗೆ ಕರಗತ. ತಮಾಷೆ ಇನ್ನೂ ಇದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 29ನೇ ಕಲಂ ಎಂಟನೇ ತರಗತಿವರೆಗೂ ಭಯವಿಲ್ಲದ, ಮಗುಕೇಂದ್ರಿತ ಕಲಿಕೆ ಬೇಕೆನ್ನುತ್ತದೆ. ಆದರೆ ಮಗು ಕೇಂದ್ರದಲ್ಲಿರುವ ಅವಧಿ ಮೂರೇ ವರ್ಷ. ನಾಲ್ಕಕ್ಕೆ ಕಾಲಿಟ್ಟೊಡನೆ ಎಲ್ಲರಿಗೂ ಒಂದೇ ಪಾಠ, ವರ್ಷಕ್ಕೆ ನಾಲ್ಕು ರೂಪಣಾತ್ಮಕ, ಎರಡು ಸಂಕಲನಾತ್ಮಕ ಪರೀಕ್ಷೆ. ಇದನ್ನು ಬಲ್ಲ ಶಿಕ್ಷಕರು ಈಗಲೇ ಕಂಠಪಾಠಕ್ಕೆ ಇಳಿದರೆ ಅದು ಮೊಂಡುತನವಲ್ಲ, ಮುಂದಾಲೋಚನೆ.

ಪರಿಹಾರ ದುಬಾರಿಯೇನಲ್ಲ. ಹರಿದ ಕಾರ್ಡಿನ ಬದಲು ಬೇರೆ ಬರೆದುಕೊಳ್ಳುವ, ಮಾವಿನಹಣ್ಣಿನ ಲೆಕ್ಕ ತೆಗೆದು ಇಂಡಿಯ ಲಿಂಬಿಹಣ್ಣಿನ ಲೆಕ್ಕ ಹಾಕುವ ಅಧಿಕಾರ ಶಿಕ್ಷಕರಿಗಿರಬೇಕು. ಇನ್ನು ಕುರ್ಚಿಯವರ ಪುನರ್ವಸತಿ: ತಪಾಸಣೆಗೆ ಬರುವ ಅಧಿಕಾರಿಗಳಿಗಾಗಿ ಅವರನ್ನು ಉಳಿಸಿಕೊಳ್ಳಬಹುದಿತ್ತು. ಆದರೆ ಆ ಅಧಿಕಾರಿಗಳೂ ದಾಖಲೆ ಪುಸ್ತಕ ಕೇಳುವ ಮೊದಲು ಒಂದು ತಾಸು ಜಮಖಾನೆಯ ಮೇಲೆ ಕೂತು, ಒಂದು ಗುಂಪಿಗೆ ಕಾರ್ಡು ಮಾಡಿಸಿ ನೋಡದೆ ಶಿಕ್ಷಕರ ಅರ್ಜಿಯನ್ನು ವಿಲೇವಾರಿ ಮಾಡಲಾಗದು.