ವಾದ್ಯಾಭ್ಯಾಸ ಛಾಯಾಗ್ರಹಣ ಮೀಮಾಂಸೆ

ಕೇರಳದ ಚೆಂಡೆಮೇಳವು ಶಬ್ದಕಲೆ, ಛಾಯಾಗ್ರಹಣವು ನಿಶ್ಶಬ್ದಕಲೆ. ಆದುದರಿಂದ ಮೇಳದವರ ಅಭ್ಯಾಸವನ್ನು ಚಿತ್ರದಲ್ಲಿ ಹಿಡಿಯಹೊರಡುವವನು ಗಾಳಿಯನ್ನು ಮೂಟೆ ಕಟ್ಟುವವನಿಗೆ ಸಮಾನನೆಂಬುದು ಪೂರ್ವಪಕ್ಷ. ಇದನ್ನು ಖಂಡಿಸುವ ಘನೋದ್ದೇಶದಿಂದ ನಾವು ಎರ್ನಾಕುಲಂ ಜಿಲ್ಲೆಯ ತೃಪ್ಪೂಣಿತ್ತುರದಲ್ಲಿ, ಪೂರ್ಣತ್ರಯೀಶ ದೇವಾಲಯದ ಎಂಟು ದಿನಗಳ ವೃಶ್ಚಿಕೋತ್ಸವಕ್ಕೆ ಮುನ್ನ, ಒಂದು ಬೆಳಗಿನ ಜಾವ ಕಾಫಿಯನ್ನೂ ತ್ಯಜಿಸಿ, ಹೆಗಲಿಗೆ ಕ್ಯಾಮರಾ ತಗುಲಿಸಿಕೊಂಡು, ಚೆಂಡೆ ಕಲಿಸುವ ಗುರುಗಳಾದ ಆಶಾನರೊಬ್ಬರ ಅಂಗಳವನ್ನು ಪ್ರವೇಶಿಸಿದೆವು.

ಮೊದಲು ವಸ್ತುನಿರ್ಣಯ. ಚೆಂಡೆಯ ಅಭ್ಯಾಸದಲ್ಲಿ ಚೆಂಡೆಯೇ ಇರಲಿಲ್ಲ. ಹುಡುಗರು ಸಾಲಾಗಿ ಕುಳಿತು, ಪುಳಿಮುಟ್ಟಿಯೆಂಬ ಹುಣಿಸೆಮರದ ಗಿಡ್ಡ ಕೋಲುಗಳಿಂದ ಮುಂದಿನ ಕಲ್ಲುಗಳನ್ನು ಬಡಿಯುತ್ತಿದ್ದರು. ಕಲ್ಲು ನಾದವನ್ನು ಕೊಡದು. ಮಣಿಕಟ್ಟು ತಿರುಗಿತೋ ಇಲ್ಲವೋ ಎಂಬುದನ್ನಷ್ಟೇ ಹೇಳುವುದು. ಕ್ಯಾಮರಾವಾದರೂ ನಾದವನ್ನರಿಯದು, ಮಣಿಕಟ್ಟನ್ನು ಮಾತ್ರ ಬಲ್ಲದು. ಇಂತು ಕಲ್ಲಿಗೂ ಕ್ಯಾಮರಾಕ್ಕೂ ಸಾಧರ್ಮ್ಯ ಸಿದ್ಧಿಸಲು, ಪೂರ್ವಪಕ್ಷಿಯು ಬಾಯಿ ಮುಚ್ಚತಕ್ಕದ್ದು.

ಎರಡನೆಯದು ಸ್ಥಾನನಿರ್ಣಯ. ಮೇಳದಲ್ಲಿ ಮುಂದೆ ಉರುಟ್ಟು ಚೆಂಡೆ, ಅದರ ಬೆನ್ನಿಗೆ ವೀಕ್ಕನ್ ಚೆಂಡೆ, ಅದಕ್ಕೂ ಹಿಂದೆ ಇಲತ್ತಾಳವೆಂಬ ಕೈತಾಳ. ಎದುರಿಗೆ ಕುಳಲು, ಕುಳಲಿನ ಹಿಂದೆ ಕೊಂಬು. ಈ ವ್ಯೂಹದಲ್ಲಿ ಛಾಯಾಗ್ರಾಹಕನಿಗೆ ಅಂಗೈಯಗಲದ ಜಾಗವೂ ವಿಹಿತವಾಗಿಲ್ಲ. ಉತ್ಸವದಂದು ಆನೆಯ ಕಾಲಬುಡವೊಂದೇ ಗತಿಯಾಗುವುದರಿಂದ ಪ್ರಾಣಭೀತಿಯುಳ್ಳವರಿಗೆ ಅಭ್ಯಾಸಕಾಲವೇ ಪ್ರಶಸ್ತ.

ಮೂರನೆಯದು ಕಾಲನಿರ್ಣಯ. ಪಂಚಾರಿಯೆಂಬ ಮೇಳವು ಮೊದಲ ಕಾಲದ 96 ಅಕ್ಷರಗಳ ಆವರ್ತದಿಂದ ಹೊರಟು 48, 24, 12 ಎಂದು ಅರ್ಧಾರ್ಧವಾಗಿ ಇಳಿದು 6ರಲ್ಲಿ ಮುಗಿಯುವುದು. 96ರಲ್ಲಿ ಕೈ ಏಳುವುದನ್ನು ಕಂಡು, ಯೋಚಿಸಿ, ಕನ್ನಡಕವನ್ನು ಒರಸಿಕೊಂಡು ಗುಂಡಿಯನ್ನೊತ್ತಬಹುದು. 6ರಲ್ಲಿ ಕೈಗಳಿದ್ದೆಡೆ ಬರಿಯ ಹೊಗೆ. ಆದುದರಿಂದ ನಾವು ಮೊದಲ ಕಾಲದಲ್ಲಿಯೇ, ಸಾಲಿನ ಕಡೆಯಲ್ಲಿ ನಾಲಗೆಯ ತುದಿಯನ್ನು ಕಚ್ಚಿಕೊಂಡು, ಮೂಗಿನ ಮೇಲಿಳಿದ ಬೆವರನ್ನೂ ಒರಸಿಕೊಳ್ಳದೆ ಎಣಿಸುತ್ತಿದ್ದ ಹುಡುಗನೊಬ್ಬನಿಗೆ ಗುರಿಯಿಟ್ಟು, ಟಕ್ಕೆನಿಸಿದೆವು. ಹುಡುಗ ತಲೆಯೆತ್ತಿದನು, ಎಣಿಕೆ ತಪ್ಪಿತು, ಆಶಾನರ ಕೈ ಮೇಲೆದ್ದಿತು, ಅಂಗಳವೆಲ್ಲ ಸ್ತಬ್ಧ.

“ಸಾರೇ, ಅದು ತಾಳದ ಹೊರಗೆ ಬಿತ್ತು,” ಎಂದರು.

ಶಾಸ್ತ್ರಜ್ಞರು ಇಷ್ಟಕ್ಕೆ ಸೋಲುವರೆ? ನಾವು ಪ್ರಮಾಣಪುರಸ್ಸರವಾಗಿ ನಿವೇದಿಸಿದೆವು: “ಆಶಾನೇ, ತಿಮಿಲೆ, ಮದ್ದಳೆ, ಇಡಕ್ಕ, ಇಲತ್ತಾಳ, ಕೊಂಬು, ಇವೈದು ಸೇರಿ ಪಂಚವಾದ್ಯ. ಆದರೂ ಅದರ ಆರಂಭಕ್ಕೆ ಶಂಖ ಊದುವರು; ಅದು ಐದರ ಲೆಕ್ಕಕ್ಕೆ ಬರುವುದಿಲ್ಲ. ಲೆಕ್ಕಕ್ಕೆ ಬಾರದ ವಾದ್ಯವು ಒಂದಿರಬಹುದಾದರೆ ಇನ್ನೊಂದೇಕೆ ಇರಬಾರದು?”

ಆಶಾನರು ಎಲೆಯಡಿಕೆಯನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ಸಾವಕಾಶವಾಗಿ ಸರಿಸಿ, “ಶಂಖದವನಿಗೆ ಯಾವಾಗ ಊದಬೇಕೆಂಬುದು ಗೊತ್ತು, ಸಾರೇ,” ಎಂದು ನುಡಿದು, ನಮ್ಮ ಕೈಗೊಂದು ಪುಳಿಮುಟ್ಟಿಯನ್ನಿತ್ತು, ಸಾಲಿನ ಕೊನೆಯಲ್ಲಿದ್ದ ಬರಿಗಲ್ಲನ್ನು ತೋರಿಸಿದರು.

ಈ ಮೀಮಾಂಸೆಯ ಉತ್ತರಭಾಗವು ಲೇಖಕರ ಮಣಿಕಟ್ಟಿನ ಬಾವು ಇಳಿದ ತರುವಾಯ ಪ್ರಕಟವಾಗುವುದು.