ಲೂಪ್ ಲೈನಿನ ಮುತ್ಯಾ

ಕೊಂಡಾಪುರದಲ್ಲಿ ಕೊಂಡ ಇಲ್ಲ. ತೆಲುಗಿನಲ್ಲಿ ಕೊಂಡ ಅಂದರೆ ಗುಡ್ಡ. 2005ರಲ್ಲಿ ನಾವು ಹೈದರಾಬಾದಿನ ಈ ತುದಿಗೆ ಫ್ಲಾಟು ಹಿಡಿದು ಬಂದ ದಿನ, ಮುತ್ಯಾ ಐದನೇ ಮಹಡಿಯ ಬಾಲ್ಕನಿಯಲ್ಲಿ ನಿಂತು ಕಣ್ಣಿಗೆ ಕೈ ಅಡ್ಡ ಹಿಡಿದು, 'ಗುಡ್ಡ ಎಲ್ಲಿ ಅದನೋ?' ಎಂದು ಕೇಳಿದ. 'ಒಡದು ಅಪಾರ್ಟ್‌ಮೆಂಟ್ ಕಟ್ಯಾರ. ಎಲ್ಲಾರೂ ಕೊಂಡಾರ' ಎಂದ ಅಪ್ಪ. 'ಹಂಗಾದ್ರ ಹೆಸರು ಸರಿ ಅದ ಬಿಡು. ತೆಲುಗಿನ ಕೊಂಡ ಹೋಗಿ ಕನ್ನಡದ ಕೊಂಡ ಉಳದದ' ಎಂದು ಮುತ್ಯಾ ಕುರ್ಚಿ ಎಳೆದು ಕೂತ.

ಮುತ್ಯಾನಿಗೆ, ಅಂದರೆ ಅಜ್ಜನಿಗೆ, ಏಕವಚನ ಹಾಕಿದ್ದಕ್ಕೆ ಮೈಸೂರು ಕಡೆಯ ಓದುಗರು ಸಿಟ್ಟಾಗಬಾರದು. ನಮ್ಮ ಸೇಡಂ ಕಡೆ ಬಹುವಚನವೆಲ್ಲ ತಹಸೀಲ್ದಾರರಿಗೆ ಮತ್ತು ಬೀಗರಿಗೆ. ದೇವರೂ ಮುತ್ಯಾನೂ ಏಕವಚನದವರೇ.

ಮುತ್ಯಾ 1938ರಲ್ಲಿ ಹುಟ್ಟಿದ್ದು ನಿಜಾಮನ ಸೀಮೆಯಲ್ಲಿ. ಮಗ್ಗಿ ಕಲಿತದ್ದು ಉರ್ದುವಿನಲ್ಲಿ, ಬೈಗುಳ ತೆಲುಗಿನಲ್ಲಿ, ವಚನ ಕನ್ನಡದಲ್ಲಿ. ಹತ್ತು ವರ್ಷದವನಿದ್ದಾಗ ಪೊಲೀಸ್ ಕಾರ್ಯಾಚರಣೆ ಆಯಿತು. 1956ರಲ್ಲಿ ಸೇಡಂ ಮೈಸೂರು ರಾಜ್ಯಕ್ಕೆ ಬಂತು, 1973ರಲ್ಲಿ ಅದೇ ಕರ್ನಾಟಕವಾಯಿತು. ಮುಪ್ಪಿನಲ್ಲಿ ಆಂಧ್ರಕ್ಕೆ ಬಂದು ಕೂತರೆ 2014ರಲ್ಲಿ ಕಾಲ ಕೆಳಗೆ ತೆಲಂಗಾಣ. 'ನಾ ಲೂಪಿನ್ಯಾಗ ನಿಂತಿದ್ದೆ. ರಾಜ್ಯಗೋಳು ಒಂದೊಂದೇ ಮೇನ್ ಲೈನಿನ್ಯಾಗ ಹಾದು ಹೋದ್ವು' ಎನ್ನುತ್ತಿದ್ದ.

ಲೂಪಿನ ಮಾತು ಬಂದದ್ದರಿಂದ ಹೇಳಬೇಕು. ಮುತ್ಯಾ ಗೂಡ್ಸ್ ಗಾಡಿಯ ಗಾರ್ಡು. 1960ರಲ್ಲಿ ಸೇರಿದಾಗ ಅದು ಮಧ್ಯ ರೈಲ್ವೆ. 1966ರ ಅಕ್ಟೋಬರ್ 2ಕ್ಕೆ ದಕ್ಷಿಣ ಮಧ್ಯ ರೈಲ್ವೆ ಹುಟ್ಟಿ, ಸಿಕಂದರಾಬಾದು ಅದರ ಕೇಂದ್ರವಾಯಿತು. ವಾಡಿಯಿಂದ ಸಿಕಂದರಾಬಾದಿಗೆ ಸಿಮೆಂಟು, ಶಹಾಬಾದಿನ ಫರಸಿ. 'ಹೈದರಾಬಾದಿನ ಅರ್ಧ ಮಂದಿ ನಾ ತಂದ ಫರಸಿ ಮ್ಯಾಲ ಕುಂತು ಉಣ್ತಾರ' ಎಂಬುದು ಅವನ ಜಂಬ. ಅಂಥವನು ನಮ್ಮ ಫ್ಲಾಟಿನ ನುಣ್ಣನೆ ಟೈಲ್ಸ್ ಮೇಲೆ ಎರಡು ಸಲ ಜಾರಿದ. ಎರಡೂ ಸಲ ಟೈಲ್ಸನ್ನೇ ಬೈದ, ತೆಲುಗಿನಲ್ಲಿ.

ಹಿಂದಿನಿಂದ ಮೇಲ್ ಗಾಡಿ ಬಂದರೆ ಗೂಡ್ಸು ಲೂಪ್ ಲೈನಿಗೆ ಸರಿದು ದಾರಿ ಬಿಡಬೇಕು. ಮೇಲ್ ಹೋದಮೇಲೆ ಎಕ್ಸ್‌ಪ್ರೆಸ್ಸು, ಅದರ ಹಿಂದೆ ಪ್ಯಾಸೆಂಜರು. ಬ್ರೇಕ್ ವ್ಯಾನಿನಲ್ಲಿ ಫ್ಯಾನಿಲ್ಲ, ದೀಪವಿಲ್ಲ, ಮಾತಿಗೆ ಜನವಿಲ್ಲ. ನಾಕು ತಾಸಿನ ಹಾದಿಗೆ ಆಯಿ, ಅಂದರೆ ನಮ್ಮಜ್ಜಿ, ಮೂರು ದಿನದ ಕಟಕ ರೊಟ್ಟಿ, ಶೇಂಗಾ ಹಿಂಡಿ ಕಟ್ಟುತ್ತಿದ್ದಳು. ಅಪ್ಪ ಹುಟ್ಟಿದ ರಾತ್ರಿಯೂ ಮುತ್ಯಾ ತಾಂಡೂರಿನ ಲೂಪಿನಲ್ಲೇ ಇದ್ದ. ಸ್ಟೇಷನ್ ಮಾಸ್ತರರು ಕಂಟ್ರೋಲ್ ಫೋನು ಇಟ್ಟು ಹೊರಗೆ ಬಂದು, 'ಗಂಡು. ಇನ್ನೂ ಲೈನ್ ಕ್ಲಿಯರ್ ಇಲ್ಲ' ಎಂದರಂತೆ. ಮಗನ ಮುಖ ನೋಡಿದ್ದು ಮರುದಿನ ಸಂಜೆಗೆ.

ಆದರೆ ಮುತ್ಯಾನ ಶೋಕಿಗಳೆಲ್ಲ ಹುಟ್ಟಿದ್ದೂ ಅದೇ ಲೂಪಿನಲ್ಲಿ. ಡ್ರೈವರು ನಿದ್ದೆ ಹೋದರೆ ಇವನು ಇಳಿದು ಹೊಲದ ಬದುವಿನ ಮೇಲೆ ನಡೆಯುತ್ತಿದ್ದ. ವಿಕಾರಾಬಾದಿನ ಹತ್ತಿರ ಸೀತಾಫಲದ ಗಿಡಗಳು, ಚಿತ್ತಾಪುರದ ಕಡೆ ಬಾರಿಹಣ್ಣು. ಮಳಖೇಡದಲ್ಲಿ ಗಾಡಿ ನಿಂತರೆ 'ನೃಪತುಂಗನ ರಾಜಧಾನಿಯೊಳಗ ಇವತ್ತ ಮೂರು ತಾಸು ದರ್ಬಾರ್ ಮಾಡೀನಿ' ಎಂದು ಮನೆಗೆ ಬಂದು ಹೇಳುತ್ತಿದ್ದ. ಯಾವ ಗಿಡದಲ್ಲಿ ಯಾವ ಹಕ್ಕಿಯ ಗೂಡು ಎಂಬುದು ವ್ಯಾಗನ್ ನಂಬರಿನಷ್ಟೇ ಬಾಯಿಪಾಠ.

1996ರಲ್ಲಿ, ಐವತ್ತೆಂಟಕ್ಕೆ ನಿವೃತ್ತಿ. 1998ರಲ್ಲಿ ಕೇಂದ್ರ ಸರಕಾರ ಆ ವಯಸ್ಸನ್ನು ಅರವತ್ತಕ್ಕೆ ಏರಿಸಿತು. 'ನಮ್ಮವ್ವ ಎರಡು ವರ್ಷ ತಡದಿದ್ರ ಏನ್ ಆಗ್ತಿತ್ತು?' ಎಂಬ ತಕರಾರು ಆಮೇಲೆ ಇಪ್ಪತ್ನಾಕು ವರ್ಷ ನಡೆಯಿತು.

ಕೊಂಡಾಪುರಕ್ಕೆ ಬರುವಾಗ ಮುತ್ಯಾ ತಂದದ್ದು ಆಯಿಯನ್ನು ಮತ್ತು ಬಿಳಿ ಬಣ್ಣದಲ್ಲಿ ಹೆಸರು ಬರೆದ ಕರೀ ಕಬ್ಬಿಣದ ಗಾರ್ಡ್ ಪೆಟ್ಟಿಗೆಯನ್ನು. ಲಿಫ್ಟು ಎರಡನ್ನೂ ಒಟ್ಟಿಗೆ ಒಯ್ಯಲಿಲ್ಲ. ಪೆಟ್ಟಿಗೆ ಮೊದಲು ಹೋಯಿತು. ಅದನ್ನು ಆಯಿ ಇಂದಿಗೂ ಮರೆತಿಲ್ಲ. ಒಳಗೆ ಕೆಂಪು ಹಸಿರು ಬಾವುಟ, ಕೈದೀಪ, ಒಂದು ಸೀಟಿ. ಹಫೀಜ್‌ಪೇಟೆ ಸ್ಟೇಷನ್ ಹತ್ತಿರವೇ. ರಾತ್ರಿ ಗಾಳಿ ಅನುಕೂಲವಾಗಿದ್ದರೆ ಗಾಡಿಯ ಸಪ್ಪಳ ಕೇಳುತ್ತಿತ್ತು. ಅದು ಗೂಡ್ಸೋ ಮೇಲೋ ಎಂದು ಹಾಸಿಗೆಯಲ್ಲೇ ತೀರ್ಪು ಕೊಡುತ್ತಿದ್ದ. ರಾತ್ರಿಯೆಲ್ಲ ಕಂಪ್ಯೂಟರ್ ಮುಂದೆ ಕೂತು ಅಮೆರಿಕದವರಿಗೆ ಸಪೋರ್ಟ್ ಕೊಡುತ್ತಿದ್ದ ನನ್ನನ್ನು ನೋಡಿ, 'ಗಾಡಿ ಓಡಸಾವ ಬ್ಯಾರೆ, ಹಿಂದ ಕುಂತು ನಿದ್ದಿಗೆಡಾವ ನೀ. ನೀನೂ ಗಾರ್ಡೇ' ಎಂದ. ನನ್ನ ಕೆಲಸವನ್ನು ಇಷ್ಟು ಸರಿಯಾಗಿ ಯಾವ ಮ್ಯಾನೇಜರೂ ವಿವರಿಸಿಲ್ಲ.

ಬೆಳಗಾದರೆ ಕೊತ್ತಗೂಡದ ಬೊಟಾನಿಕಲ್ ಗಾರ್ಡನ್ನು. ಮುತ್ಯಾ ಎಂದೂ ಮುಂದೆ ನಡೆದವನಲ್ಲ. ಗಾಡಿಯ ಕಟ್ಟಕಡೆಯ ಡಬ್ಬಿ ದಾಟುವುದನ್ನು ಕಣ್ಣಾರೆ ಕಂಡಮೇಲೇ ಗಾಡಿ ಪೂರ್ತಿ ಬಂತೆಂದು ಲೆಕ್ಕ. ಹಾಗಾಗಿ ಮೊಮ್ಮಕ್ಕಳು, ಸೊಸೆ, ಆಯಿ ಎಲ್ಲರ ಹಿಂದೆ ಹೆಗಲ ಮೇಲೆ ಕೆಂಪು ಟವೆಲ್ಲು ಇಳಿಬಿಟ್ಟುಕೊಂಡು ಇವನು. ಪಕ್ಕದ ಪಾಲಪಿಟ್ಟ ಸೈಕಲ್ ಪಾರ್ಕಿನಲ್ಲಿ ಎಂಬತ್ತು ದಾಟಿದಮೇಲೂ ಸೈಕಲ್ ಹತ್ತಿದ. ಹತ್ತುವ ಮೊದಲು ಸೀಟಿ ಊದಿದ. ಮುಂದಿದ್ದವರೆಲ್ಲ ಬೆಚ್ಚಿ ಬ್ರೇಕ್ ಹಾಕಿದರು, ಇವನೊಬ್ಬ ಹಾಕಲಿಲ್ಲ.

ಪಾಲಪಿಟ್ಟ ಅಂದರೆ ನಮ್ಮ ನೀಲಕಂಠ. ಕರ್ನಾಟಕಕ್ಕೂ ತೆಲಂಗಾಣಕ್ಕೂ ರಾಜ್ಯಪಕ್ಷಿ ಅದೇ, ದಸರೆಗೆ ಎರಡೂ ಕಡೆ ಪೂಜೆ ಅದೇ ಮರಕ್ಕೆ. ನಾವು ಬನ್ನಿ ಅಂದರೆ ಅವರು ಜಮ್ಮಿ. ತೆಲಂಗಾಣದಲ್ಲಿ ಆ ದಿನ ಪಾಲಪಿಟ್ಟ ಕಂಡರೆ ಶುಭ. 'ಅವರ ಸೀಮ್ಯಾಗ ಇದ್ದಮ್ಯಾಲ ಅವರ ಸಿಗ್ನಲ್ ಪಾಳಿಸಬೇಕು' ಎಂದು ಒಂದು ದಸರೆಗೆ ಮುತ್ಯಾ ಹನ್ನೊಂದು ಮಂದಿಯನ್ನು ಉಪವಾಸ ಹೊರಡಿಸಿದ. ಎರಡು ತಾಸು ಅಲೆದೆವು. ಗೋಧಿಹುಗ್ಗಿ ನೆನೆದು ಹುಡುಗರು ಅಳತೊಡಗಿದರು. ಆಗ ಹಿಂದಿನಿಂದ ಮುತ್ಯಾ 'ಅಗೋ!' ಎಂದ. ನೀಲಿ ರೆಕ್ಕೆ ಝಳಪಿಸಿತು. ಎಲ್ಲರೂ ಕೈ ಮುಗಿದೆವು. ನನ್ನ ಮಗಳು ಮಾತ್ರ, 'ಮುತ್ಯಾ, ಕೊಕ್ಕು ಕೆಂಪದ. ಇದು ಮಿಂಚುಳ್ಳಿ' ಎಂದಳು. ಹಕ್ಕಿಗಳ ವಿಷಯದಲ್ಲಿ ಮುತ್ಯಾ ಎಡವುವವನಲ್ಲ. ಅವಳ ತಲೆ ಸವರಿ ಮೆಲ್ಲಗೆ, 'ಮೇಲ್ ಬರಲಿಲ್ಲಂದ್ರ ಪ್ಯಾಸೆಂಜರ್ ಹತ್ತಬೇಕವಾ. ಕೈ ಮುಗಿ, ಹಸಿವಾಗ್ಯದ ಎಲ್ಲಾರಿಗೂ' ಎಂದ.

2022ರ ಜನವರಿಯಲ್ಲಿ ರೈಲ್ವೆ ಇಲಾಖೆ ಗಾರ್ಡುಗಳಿಗೆ ಟ್ರೈನ್ ಮ್ಯಾನೇಜರ್ ಎಂದು ಹೊಸ ಹೆಸರಿಟ್ಟಿತು. ಓದಿ ಹೇಳಿದೆ. ಮುತ್ಯಾ ಬಹಳ ಹೊತ್ತು ಯೋಚಿಸಿ, 'ಪೆನ್ಶನ್ ಹೆಚ್ಚಾಗ್ತದೇನು?' ಎಂದ. ಇಲ್ಲ ಎಂದೆ. 'ಹಂಗಾದ್ರ ಗಾರ್ಡೇ ಇರ್ಲಿ.' ಆ ವರ್ಷದ ದಸರೆಗೆ ಮುತ್ಯಾ ಇರಲಿಲ್ಲ.

ಪೆಟ್ಟಿಗೆಯಲ್ಲಿ ಈಗ ನಾವು ಚಪ್ಪಲಿ ಇಡುತ್ತೇವೆ. ಸೀಟಿ ಅಪಾರ್ಟ್‌ಮೆಂಟಿನ ವಾಚ್‌ಮನ್ ಹತ್ತಿರ ಇದೆ. ಕಾರು ಹಿಂದಕ್ಕೆ ತೆಗೆಯುವಾಗ ಊದುತ್ತಾನೆ. ಆಯಿ ಕಾಯಿಪಲ್ಯ ಹೆಚ್ಚುತ್ತಿದ್ದರೆ ಆ ಸಪ್ಪಳಕ್ಕೆ ಕೈ ನಿಲ್ಲಿಸಿ, 'ಹೊಂಟ್ತು ಗಾಡಿ' ಎನ್ನುತ್ತಾಳೆ.